ಮೂರು ಗಾಲಿ, ಎರಡು ಪುಟ್ಟ ಕಾಲು



ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಂದೂವರೆ, ಎರಡು ವರ್ಷದ ಮಗುವೊಂದು ಇದೆ ಎಂದುಕೊಳ್ಳೋಣ. ಅದು ನಿಮ್ಮ ಅಕ್ಕನ ಮಗುವಿರಬಹುದು, ಚಿಕ್ಕಪ್ಪನ ಮಗುವಿರಬಹುದು. ಹುಟ್ಟುಹಬ್ಬ ಹತ್ತಿರ ಬಂದಿದೆ. ಅಜ್ಜ ಒಂದಿಷ್ಟು ಹಣವನ್ನು ನಿಮ್ಮ ಕೈಗಿತ್ತು, 'ಓದಿದವರು ನೀವು, ನಿಮಗೆ ಇದೆಲ್ಲ ತಿಳಿಯುತ್ತದೆ. ಮಗುವಿಗೆ ಒಂದು ಮೂರು ಗಾಲಿಯ ಗಾಡಿ ತನ್ನಿ' ಎಂದು ಅಂಗಡಿಗೆ ಕಳುಹಿಸಿದ್ದಾರೆ. ಅಂಗಡಿಗೆ ಹೋಗಿ ನೋಡಿದರೆ ಒಂದೆಡೆ ಮಗು ಹಿಡಿದು ನೂಕಿಕೊಂಡು ನಡೆಯುವ ಮರದ ಗಾಡಿ. ಇನ್ನೊಂದೆಡೆ ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರ್. ಅದರಾಚೆಗೆ ಪೆಡಲ್ ಇರುವ ಪುಟ್ಟ ಸೈಕಲ್. ಕೊನೆಯಲ್ಲಿ, ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಿಂದ ನೆಲವನ್ನು ಒದೆಯುವ ಮೂರು ಚಕ್ರದ ಸ್ಕೂಟರ್. ಎಲ್ಲದರ ಬಣ್ಣವೂ ಕಣ್ಣು ಸೆಳೆಯುತ್ತದೆ, ಎಲ್ಲವನ್ನೂ ಅಂಗಡಿಯವರು ಹೊಗಳುತ್ತಾರೆ. ಯಾವುದನ್ನು ಆರಿಸುತ್ತೀರಿ?

ಇದರಲ್ಲಿ ಇತಿಹಾಸದ ಮಾತೇನು ಬಂತು ಎಂದು ನೀವು ಕೇಳಬಹುದು. ರಾಜರ ವಂಶಾವಳಿಯೂ ಯುದ್ಧಗಳ ಇಸವಿಯೂ ಮಾತ್ರ ಇತಿಹಾಸವಲ್ಲ. ಮನುಷ್ಯನು ತನ್ನ ಮಗುವಿಗೆ ನಡೆಯಲು ಹೇಗೆ ಕಲಿಸಿದ, ಅದರ ಕೈಗೆ ಯಾವ ಆಟಿಕೆಯನ್ನು ಕೊಟ್ಟ ಎಂಬುದೂ ಇತಿಹಾಸವೇ. ಆ ಇತಿಹಾಸವನ್ನು ಬಲ್ಲವನಿಗೆ ಅಂಗಡಿಯಲ್ಲಿ ನಿಂತಾಗ ಒಂದು ಪ್ರಶ್ನೆ ಹೊಳೆಯುತ್ತದೆ: ಈ ಗಾಡಿಯಲ್ಲಿ ಮಗುವನ್ನು ಸಾಗಿಸುವುದು ಯಾವುದು? ಗಾಡಿಯೋ, ಮಗುವಿನ ಸ್ವಂತ ಕಾಲೋ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾವು ಕೆಲವು ಸಾವಿರ ವರ್ಷಗಳ ದಾರಿಯನ್ನು ಒಮ್ಮೆ ನಡೆದು ಬರೋಣ.

ಮಣ್ಣಿನ ಗಾಡಿ, ಚಿನ್ನದ ಗಾಡಿ

ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊ ನಗರಗಳ ಉತ್ಖನನದಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ ಬಿಡಿ ಚಕ್ರಗಳೂ ಹೇರಳವಾಗಿ ದೊರೆತಿವೆ. ಕ್ರಿ.ಪೂ. 2600ರಿಂದ 1900ರವರೆಗೆ ಉಚ್ಛ್ರಾಯದಲ್ಲಿದ್ದ ನಾಗರಿಕತೆ ಅದು. ಬಂಡಿಯ ಮಣ್ಣಿನ ಚೌಕಟ್ಟಿನಲ್ಲಿ ಸಣ್ಣ ತೂತುಗಳಿವೆ. ಅವುಗಳಲ್ಲಿ ಕಡ್ಡಿ ತೂರಿಸಿ ಗಾಲಿ ಸಿಕ್ಕಿಸುತ್ತಿದ್ದರು. ಮರದ ಕಡ್ಡಿ ಮಣ್ಣುಪಾಲಾಯಿತು, ಬೆಂದ ಮಣ್ಣು ಉಳಿಯಿತು. ಇವೆಲ್ಲವೂ ಆಟಿಕೆಗಳೇ ಅಥವಾ ಕೆಲವು ಪೂಜೆಯ ವಸ್ತುಗಳೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಅವುಗಳಲ್ಲಿ ಬಹಳಷ್ಟು ಮಕ್ಕಳ ಕೈಯಲ್ಲಿ ಉರುಳಾಡಿದವು ಎಂಬ ಅಭಿಪ್ರಾಯವೇ ಬಲವಾಗಿದೆ.

ಸಂಸ್ಕೃತ ನಾಟಕ ಸಾಹಿತ್ಯದಲ್ಲಿ ಒಂದು ಮಣ್ಣಿನ ಗಾಡಿ ಅಮರವಾಗಿದೆ. ಶೂದ್ರಕನ ಹೆಸರಿನಲ್ಲಿರುವ ಮೃಚ್ಛಕಟಿಕ ನಾಟಕದ ಹೆಸರಿನ ಅರ್ಥವೇ 'ಮಣ್ಣಿನ ಪುಟ್ಟ ಗಾಡಿ'. ಬಡತನಕ್ಕಿಳಿದ ಚಾರುದತ್ತನ ಮಗ ರೋಹಸೇನ, ನೆರೆಮನೆಯ ಹುಡುಗನ ಚಿನ್ನದ ಗಾಡಿಯನ್ನು ಕಂಡವನು, ತನಗೂ ಅದೇ ಬೇಕೆಂದು ಹಟ ಹಿಡಿದು ಅಳುತ್ತಾನೆ. ದಾಸಿ ರದನಿಕೆ ಮಾಡಿಕೊಟ್ಟ ಮಣ್ಣಿನ ಗಾಡಿ ಅವನಿಗೆ ಬೇಡ. ವಸಂತಸೇನೆ ಮಗುವಿನ ಅಳುವನ್ನು ತಾಳಲಾರದೆ ತನ್ನ ಒಡವೆಗಳನ್ನೆಲ್ಲ ಕಳಚಿ ಆ ಮಣ್ಣಿನ ಗಾಡಿಗೆ ತುಂಬುತ್ತಾಳೆ. ಮುಂದೆ ಆ ಒಡವೆಗಳೇ ಚಾರುದತ್ತನನ್ನು ವಧಾಸ್ಥಾನದವರೆಗೆ ಎಳೆದೊಯ್ಯುತ್ತವೆ. ನಾಟಕದ ಉದ್ದೇಶ ಬೇರೆ, ನಿಜ. ಆದರೆ ಪಕ್ಕದ ಮನೆಯ ಮಗುವಿನ ಗಾಡಿಯನ್ನು ನೋಡಿ ನಮ್ಮ ಮನೆಯ ಗಾಡಿಯನ್ನು ಆರಿಸುವ ದೌರ್ಬಲ್ಯ ಎಷ್ಟು ಹಳೆಯದೆಂಬುದಕ್ಕೆ ಅದರ ಆರನೆಯ ಅಂಕ ಒಳ್ಳೆಯ ಸಾಕ್ಷಿ.

ಈ ಗಾಡಿಗಳು ಮಗು ಎಳೆದು ಆಡುವಂಥವು. ನಡೆಯಲು ಕಲಿಯುವ ಮಗುವಿಗೆ ಆಸರೆಯಾಗುವ ಗಾಡಿಯ ಕಥೆ ಬೇರೆ. ಅದಕ್ಕೆ ಮೂರು ಗಾಲಿ ಏಕೆ ಎಂಬುದನ್ನು ಮೊದಲು ನೋಡೋಣ.

ಮೂರು ಎಂಬ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡಬೇಕಾದಾಗ ಮೂರು ಕಲ್ಲುಗಳನ್ನಿಟ್ಟು ಒಲೆ ಹೂಡುತ್ತಾರೆ. ನಾಲ್ಕು ಕಲ್ಲಿಟ್ಟರೆ, ಒಂದು ಕಲ್ಲು ಸ್ವಲ್ಪ ಗಿಡ್ಡವಾದರೂ ಪಾತ್ರೆ ಅಲುಗುತ್ತದೆ. ಮೂರು ಕಲ್ಲಿಟ್ಟರೆ, ಅವು ಒಂದೇ ಎತ್ತರವಿಲ್ಲದಿದ್ದರೂ ಪಾತ್ರೆ ಮೂರರ ಮೇಲೂ ಕೂರುತ್ತದೆ. ಒಂದೇ ಗೆರೆಯ ಮೇಲಿಲ್ಲದ ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ, ಒಂದೇ ಒಂದು ಸಮತಲ, ಹಾದುಹೋಗುತ್ತದೆ ಎಂದು ನೀವು ರೇಖಾಗಣಿತದಲ್ಲಿ ಓದುತ್ತೀರಿ. ಅದನ್ನೇ ನಮ್ಮ ಅಜ್ಜಿಯರು ಒಲೆಯ ಮುಂದೆ ಕಂಡುಕೊಂಡಿದ್ದರು. ಉಬ್ಬುತಗ್ಗಿನ ಅಂಗಳದಲ್ಲಿ ಮೂರು ಗಾಲಿಯ ಗಾಡಿಯ ಮೂರು ಗಾಲಿಗಳೂ ನೆಲಕ್ಕೆ ತಾಗಿಯೇ ಇರುತ್ತವೆ. ಊರ ಬಡಗಿ ಮಾಡಿಕೊಡುತ್ತಿದ್ದ ಮಕ್ಕಳ ನಡೆಯುವ ಗಾಡಿಗೆ ಮುಂದೆ ಒಂದು, ಹಿಂದೆ ಎರಡು ಗಾಲಿ ಇರುತ್ತಿದ್ದುದು ಗಾಲಿ ಉಳಿಸಲಿಕ್ಕೆ ಮಾತ್ರವಲ್ಲ.

ಆದರೆ ಒಂದು ಎಚ್ಚರಿಕೆ. ಗಾಡಿ ಅಲುಗದಿರುವುದು ಒಂದು ಗುಣ, ಉರುಳದಿರುವುದು ಇನ್ನೊಂದು. ನೆಲವನ್ನು ಮುಟ್ಟುವ ಮೂರು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಗಾಡಿ ಮತ್ತು ಸವಾರನ ಒಟ್ಟು ಭಾರದ ಗೆರೆ ಆ ತ್ರಿಕೋನದ ಒಳಗೆ ಬೀಳುವವರೆಗೆ ಗಾಡಿ ನಿಲ್ಲುತ್ತದೆ, ಹೊರಗೆ ಹೋದರೆ ಉರುಳುತ್ತದೆ. ವೇಗವಾಗಿ ತಿರುಗುವಾಗ ಭಾರವು ಮುಂದಕ್ಕೂ ಪಕ್ಕಕ್ಕೂ ಸರಿಯಲು ನೋಡುತ್ತದೆ. ಮುಂದೆ ಒಂದೇ ಚಕ್ರವಿದ್ದರೆ ಅಲ್ಲಿ ತ್ರಿಕೋನ ಕಿರಿದು. ಅಮೆರಿಕದಲ್ಲಿ 1980ರ ದಶಕದಲ್ಲಿ ದಪ್ಪ ಟೈರಿನ ಮೂರು ಚಕ್ರದ ಮೋಟಾರು ವಾಹನಗಳು ಹೊಲಗದ್ದೆಗಳಲ್ಲಿ ಬಹಳ ಓಡಾಡಿದವು. ಉರುಳಿಬಿದ್ದು ಸತ್ತವರಲ್ಲೂ ಗಾಯಗೊಂಡವರಲ್ಲೂ ಅನೇಕರು ಮಕ್ಕಳಾಗಿದ್ದರು. ಕೊನೆಗೆ 1988ರಲ್ಲಿ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ತಯಾರಕರು ಅಂಥ ಹೊಸ ವಾಹನಗಳ ಮಾರಾಟವನ್ನು ನಿಲ್ಲಿಸಬೇಕಾಯಿತು.

ಮಗುವಿನ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಹುಟ್ಟಿದ ಶಿಶುವಿನ ತಲೆ ಅದರ ಒಟ್ಟು ಉದ್ದದ ನಾಲ್ಕನೆಯ ಒಂದು ಭಾಗ. ಬೆಳೆದವರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗ. ಎರಡು ವರ್ಷದ ಮಗುವಿನ ದೇಹದ ಮೇಲ್ಭಾಗ ನಮಗಿಂತ ಹೆಚ್ಚು ಭಾರ. ಅದು ಬಿದ್ದಾಗ ತಲೆಯೇ ಮುಂದಾಗಿ ಬೀಳುವುದು ಇದರಿಂದಲೇ.

ಗಾಡಿಯೊಳಗಿನ ಮಗು

ಈಗ ಯುರೋಪಿಗೆ ಹೋಗೋಣ. ಮಗುವನ್ನು ನಡೆಸುವ ಗಾಡಿಯ ಹಳೆಯ ಚಿತ್ರಗಳು ನಮಗೆ ಅಲ್ಲಿ ಸಿಗುತ್ತವೆ. ಕ್ರಿ.ಶ. 1440ರ ಸುಮಾರಿಗೆ ಇಂದಿನ ನೆದರ್ಲೆಂಡ್ಸ್ ದೇಶದಲ್ಲಿ ಕ್ಲೀವ್ಸ್‌ನ ಕ್ಯಾಥರೀನ್ ಎಂಬ ರಾಜವಂಶದ ಮಹಿಳೆಗಾಗಿ ಒಂದು ಸಚಿತ್ರ ಪ್ರಾರ್ಥನಾ ಪುಸ್ತಕ ಸಿದ್ಧವಾಯಿತು. ಈಗ ಅದು ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯದಲ್ಲಿದೆ. ಅದರ ಒಂದು ಪುಟದಲ್ಲಿ ಮೇರಿ ಮಗ್ಗದ ಮುಂದೆ ಕುಳಿತು ನೇಯುತ್ತಿದ್ದಾಳೆ, ಜೋಸೆಫ್ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದಾನೆ, ಬಾಲ ಯೇಸು ಗಾಲಿಗಳಿರುವ ಮರದ ಚೌಕಟ್ಟಿನೊಳಗೆ ನಿಂತು ಹೆಜ್ಜೆ ಹಾಕುತ್ತಿದ್ದಾನೆ. ಕೆಲವು ದಶಕಗಳ ನಂತರ ಹಿರೋನಿಮಸ್ ಬಾಷ್ ಎಂಬ ಚಿತ್ರಕಾರನೂ ಒಂದು ಕೈಯಲ್ಲಿ ಗಿರಗಿಟ್ಟಲೆ ಹಿಡಿದು, ಇನ್ನೊಂದು ಕೈಯಿಂದ ನಡೆಯುವ ಚೌಕಟ್ಟನ್ನು ನೂಕುತ್ತಿರುವ ಬಾಲ ಯೇಸುವನ್ನು ಬರೆದ. ಆ ಚಿತ್ರ ವಿಯೆನ್ನಾದಲ್ಲಿದೆ.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಮಗು ಗಾಡಿಯ ಒಳಗಿದೆ. ಎರಡನೆಯದರಲ್ಲಿ ಮಗು ಗಾಡಿಯ ಹಿಂದಿದೆ. ಮೊದಲನೆಯದು ಮಗುವನ್ನು ಸುತ್ತುವರಿದು ಹಿಡಿದಿದೆ. ಎರಡನೆಯದನ್ನು ಮಗುವೇ ಹಿಡಿದಿದೆ, ಬೇಡವಾದಾಗ ಕೈಬಿಡಬಹುದು. ಇಂದಿನ ಅಂಗಡಿಯಲ್ಲಿ ನೀವು ಕಾಣುವ ಪ್ಲಾಸ್ಟಿಕ್ ವಾಕರಿಗೂ ಮರದ ನೂಕುವ ಗಾಡಿಗೂ ಇರುವ ವ್ಯತ್ಯಾಸ ಇದೇ. ಮೊದಲನೆಯ ಬಗೆಯ ಗಾಡಿ ಕೆಲಸದಲ್ಲಿ ತೊಡಗಿದ ತಾಯಿತಂದೆಯರಿಗೆ ಅನುಕೂಲವಾಗಿತ್ತು ಎಂಬುದು ಚಿತ್ರದಿಂದಲೇ ತಿಳಿಯುತ್ತದೆ. ಆದರೆ ತಾಯಿತಂದೆಯರ ಅನುಕೂಲವೂ ಮಗುವಿನ ಕಲಿಕೆಯೂ ಒಂದೇ ಅಲ್ಲ.

ಇದನ್ನು ಗಟ್ಟಿಯಾಗಿ ಹೇಳಿದವರಲ್ಲಿ ಪ್ರಮುಖ ರೂಸೋ. 1762ರಲ್ಲಿ ಪ್ರಕಟವಾದ ತನ್ನ 'ಎಮಿಲ್' ಗ್ರಂಥದಲ್ಲಿ ಅವನು, ತನ್ನ ಕಲ್ಪನೆಯ ಶಿಷ್ಯನಿಗೆ ತಲೆಗೆ ಕಟ್ಟುವ ಮೆತ್ತೆಯೂ ಬೇಡ, ನಡೆಸುವ ಗಾಡಿಯೂ ಬೇಡ, ಹೆಗಲಿಗೆ ಕಟ್ಟಿ ಹಿಡಿಯುವ ಪಟ್ಟಿಯೂ ಬೇಡ ಎಂದ. ಮಗುವನ್ನು ಹುಲ್ಲುಗಾವಲಿಗೆ ಬಿಡಿ, ದಿನಕ್ಕೆ ನೂರು ಸಲ ಬಿದ್ದರೂ ಚಿಂತೆಯಿಲ್ಲ, ಏಳುವುದನ್ನು ಅಷ್ಟು ಬೇಗ ಕಲಿಯುತ್ತದೆ ಎಂಬುದು ಅವನ ವಾದ. ಹೀಗೆ ಬರೆದ ರೂಸೋ ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದವನು ಎಂಬುದನ್ನೂ ಇತಿಹಾಸದ ವಿದ್ಯಾರ್ಥಿಗಳಾದ ನೀವು ಮರೆಯಬಾರದು. ಹೇಳಿದವನ ನಡತೆಯನ್ನೂ ಹೇಳಿದ ಮಾತಿನ ಸತ್ಯವನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಇತಿಹಾಸದ ಅಭ್ಯಾಸ ಕಲಿಸುವ ಒಂದು ವಿವೇಕ.

ಆ ಪುಸ್ತಕ ಬಂದ 22 ವರ್ಷಗಳ ಮೇಲೆ, 1784ರಲ್ಲಿ, ಕೋನಿಗ್ಸ್‌ಬರ್ಗ್ ನಗರದ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 'ಜ್ಞಾನೋದಯ ಎಂದರೇನು?' ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಕಿರುಪ್ರಬಂಧ ಬರೆದ. ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಓದುವವರು ಇದರ ಹೆಸರನ್ನು ಕೇಳಿಯೇ ಇರುತ್ತೀರಿ. ಆ ಪ್ರಬಂಧದಲ್ಲಿ ಮಗುವನ್ನು ನಡೆಸುವ ಗಾಡಿ ಬರುತ್ತದೆಂಬುದು ನಿಮ್ಮ ಗಮನಕ್ಕೆ ಬಂದಿದೆಯೆ? ಜನರ ಪರವಾಗಿ ಯೋಚಿಸುವ ಹೊಣೆ ಹೊತ್ತ 'ಪಾಲಕರು' ಜನರನ್ನು ಆ ಗಾಡಿಯೊಳಗೆ ಕೂಡಿಹಾಕಿ, ಅದರಾಚೆ ಹೆಜ್ಜೆ ಇಟ್ಟರೆ ಅಪಾಯವಿದೆ ಎಂದು ಹೆದರಿಸುತ್ತಾರೆ ಎನ್ನುತ್ತಾನೆ ಕಾಂಟ್. ಆ ಅಪಾಯ ಅಷ್ಟು ದೊಡ್ಡದೇನಲ್ಲ, ನಾಲ್ಕು ಸಲ ಬಿದ್ದರೆ ಕೊನೆಗೆ ನಡೆಯಲು ಬಂದೇ ಬರುತ್ತದೆ ಎಂಬುದು ಅವನ ಮಾತಿನ ತಿರುಳು. ಸ್ವಂತ ಬುದ್ಧಿಯನ್ನು ಬಳಸಲು ಧೈರ್ಯ ಮಾಡಿರೆಂದು ಒಂದು ಯುಗಕ್ಕೇ ಕರೆಕೊಟ್ಟ ಪ್ರಬಂಧವು ಹೋಲಿಕೆಗಾಗಿ ಆರಿಸಿಕೊಂಡದ್ದು ಮಗುವಿನ ಗಾಡಿಯನ್ನು!

ಬೀಳುವುದರ ಬಗ್ಗೆ ಈ ಇಬ್ಬರೂ ಹೇಳಿದ್ದು ಊಹೆಯ ಮಾತು. ಅದನ್ನು ಎಣಿಸಿ ನೋಡಿದ್ದು ನಮ್ಮ ಕಾಲದಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 12ರಿಂದ 19 ತಿಂಗಳ ಮಕ್ಕಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವತಂತ್ರವಾಗಿ ಆಡಿಕೊಂಡಿರುವ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ. ಬಿದ್ದು, ಎದ್ದು, ಮತ್ತೆ ಹೆಜ್ಜೆ ಹಾಕುವುದೇ ಅದರ ಪಾಠಶಾಲೆ.

ನೆಲವನ್ನೊದ್ದು ಸಾಗಿದ ಯಂತ್ರ

ಸ್ಕೂಟರಿನ ಕಡೆಗೆ ಬರುವ ಮೊದಲು ಅದರ ಪೂರ್ವಜನೊಬ್ಬನನ್ನು ಕಾಣಬೇಕು. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ನಗರದಿಂದ ಕಾರ್ಲ್ ಡ್ರೈಸ್ ಎಂಬಾತ ವಿಚಿತ್ರ ಯಂತ್ರವೊಂದರ ಮೇಲೆ ಕುಳಿತು ಹೊರಟ. ಒಂದರ ಹಿಂದೊಂದು ಎರಡು ಮರದ ಚಕ್ರ, ನಡುವೆ ಆಸನ, ಮುಂದೆ ತಿರುಗಿಸುವ ಹಿಡಿ. ಪೆಡಲ್ ಇಲ್ಲ, ಸರಪಳಿ ಇಲ್ಲ. ಸವಾರ ಎರಡು ಕಾಲುಗಳಿಂದ ನೆಲವನ್ನು ಒದೆಯುತ್ತಾ ಓಡಬೇಕು. ಸುಮಾರು 13 ಕಿಲೋಮೀಟರ್ ದಾರಿಯನ್ನು ಅವನು ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಕ್ರಮಿಸಿದ. ಇಂದಿನ ಬೈಸಿಕಲ್ಲಿನ ಮೂಲಪುರುಷನೆಂದು ಇದನ್ನು ಗುರುತಿಸುತ್ತಾರೆ. ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ.

ಮೂರು ಚಕ್ರದ ಸೈಕಲ್ ಮೊದಲು ಪ್ರಸಿದ್ಧಿಗೆ ಬಂದದ್ದು ಮಕ್ಕಳಿಂದಲ್ಲ, ದೊಡ್ಡವರಿಂದ. ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1877ರಲ್ಲಿ ತನ್ನ ಮೂರು ಚಕ್ರದ ವಾಹನಕ್ಕೆ ಒಂದು ಹೊಸ ಗಿಯರ್ ಅಳವಡಿಸಿದ. ವಾಹನ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನ ಚಕ್ರ ಕಡಿಮೆ ದೂರ ಹೋಗಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗುತ್ತದೆ. ಸ್ಟಾರ್ಲಿಯ ಗಿಯರ್ ಇದನ್ನು ಸರಿಪಡಿಸಿತು. ಇಂದು ಮೋಟಾರು ಕಾರುಗಳಲ್ಲಿ 'ಡಿಫರೆನ್ಷಿಯಲ್' ಎಂದು ಕರೆಯುವುದು ಅದೇ ಬಗೆಯ ಗಿಯರನ್ನು. 1881ರಲ್ಲಿ ವಿಕ್ಟೋರಿಯಾ ರಾಣಿ ಇಂಥ ವಾಹನಗಳನ್ನು ತರಿಸಿಕೊಂಡ ಮೇಲೆ ಮೂರು ಚಕ್ರದ ಸೈಕಲ್ಲಿಗೆ ಗೌರವಸ್ಥರ ವಾಹನವೆಂಬ ಹೆಸರು ಬಂತು. ಮಗುವಿನ ಗಾಡಿಗೆ ಇಷ್ಟೆಲ್ಲ ಬೇಕಿಲ್ಲ. ಹಿಂದಿನ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ಬೇರೆ ಬೇರೆಯಾಗಿ ತಿರುಗಿದರೆ ಸಾಕು. ಅಂಗಡಿಯಲ್ಲಿ ಒಂದು ಗಾಲಿಯನ್ನು ಹಿಡಿದು ಇನ್ನೊಂದನ್ನು ತಿರುಗಿಸಿ ನೋಡಿದರೆ ಇದು ತಿಳಿದುಹೋಗುತ್ತದೆ.

ನಮ್ಮ ಕರ್ನಾಟಕದ ಮಕ್ಕಳೂ ಸುಮ್ಮನೆ ಕುಳಿತಿರಲಿಲ್ಲ. ಗ್ಯಾರೇಜಿನಲ್ಲಿ ಬಿಸಾಡಿದ ಹಳೆಯ ಬೇರಿಂಗುಗಳನ್ನು ಆಯ್ದು ತಂದು, ಹಲಗೆಗೆ ಹಿಂದೆ ಎರಡು, ಮುಂದೆ ತಿರುಗುವ ಕಟ್ಟಿಗೆಗೆ ಒಂದು ಸಿಕ್ಕಿಸಿ, ಇಳಿಜಾರಿನ ಬೀದಿಯಲ್ಲಿ ಗಡಗಡ ಸದ್ದು ಮಾಡುತ್ತಾ ಓಡಿಸುತ್ತಿದ್ದ ಬೇರಿಂಗ್ ಗಾಡಿಯ ಕಥೆಯನ್ನು ನಿಮ್ಮ ತಂದೆಯವರನ್ನೋ ಸೋದರಮಾವನನ್ನೋ ಕೇಳಿ. ಅದೂ ಮೂರು ಗಾಲಿಯ ಗಾಡಿಯೇ. ಮೊಣಕಾಲಿನ ಮೇಲಿನ ಕಲೆಯನ್ನು ತೋರಿಸಿ ಅವರು ಕಥೆ ಹೇಳುತ್ತಾರೆ.

ವಾಕರಿನ ಪಾಠ

ಇಪ್ಪತ್ತನೆಯ ಶತಮಾನದಲ್ಲಿ ಪ್ಲಾಸ್ಟಿಕ್ ಬಂದಾಗ ಕ್ಯಾಥರೀನಳ ಪುಸ್ತಕದ ಗಾಡಿ ಹೊಸ ವೇಷದಲ್ಲಿ ಮರಳಿ ಬಂತು. ಸುತ್ತಲೂ ಬಳೆಯಂಥ ಚೌಕಟ್ಟು, ನಡುವೆ ಬಟ್ಟೆಯ ಆಸನ, ಕೆಳಗೆ ಸುಲಭವಾಗಿ ಉರುಳುವ ಸಣ್ಣ ಚಕ್ರಗಳು. ಇನ್ನೂ ನಿಲ್ಲಲು ಬಾರದ ಆರೇಳು ತಿಂಗಳ ಶಿಶುವನ್ನು ಅದರಲ್ಲಿ ಕೂರಿಸಿದರೆ ಕಾಲ್ಬೆರಳಿನಿಂದ ನೆಲವನ್ನು ತಳ್ಳಿ ಮನೆಯೆಲ್ಲ ಓಡಾಡುತ್ತದೆ. ಬೇಗ ನಡೆಯಲು ಕಲಿಯುತ್ತದೆಂದು ನಂಬಿ ಜನ ಅದನ್ನು ಕೊಂಡರು.

ಆ ನಂಬಿಕೆ ನಿಲ್ಲಲಿಲ್ಲ. ಅಮೆರಿಕದಲ್ಲಿ 109 ಶಿಶುಗಳನ್ನು ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾಕರ್ ಬಳಸಿದ ಮಕ್ಕಳು ಕೂರುವುದು, ಅಂಬೆಗಾಲಿಡುವುದು, ನಡೆಯುವುದು ಮೂರನ್ನೂ ಉಳಿದವರಿಗಿಂತ ತಡವಾಗಿ ಕಲಿತದ್ದು ಕಂಡುಬಂತು. ಅದಕ್ಕಿಂತ ಗಂಭೀರವಾದದ್ದು ಅಪಘಾತ. ವಾಕರಿನಲ್ಲಿರುವ ಮಗು ಒಂದು ಸೆಕೆಂಡಿನಲ್ಲಿ ಒಂದು ಮೀಟರಿನಷ್ಟು ದೂರ ಹೋಗಬಲ್ಲದು. ತಾಯಿ ಕೈಚಾಚುವಷ್ಟರಲ್ಲಿ ಅದು ಮೆಟ್ಟಿಲ ಬಳಿ ಇರುತ್ತದೆ. 1990ರಿಂದ 2014ರವರೆಗೆ ಅಮೆರಿಕದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ವಾಕರಿನಿಂದ ಗಾಯಗೊಂಡು ಬಂದ, 15 ತಿಂಗಳಿಗಿಂತ ಚಿಕ್ಕ ಶಿಶುಗಳ ಅಂದಾಜು ಸಂಖ್ಯೆ 2,30,676. ಹತ್ತರಲ್ಲಿ ಒಂಬತ್ತು ಪಾಲು ಶಿಶುಗಳಿಗೆ ಪೆಟ್ಟಾದದ್ದು ತಲೆಗೆ ಅಥವಾ ಕುತ್ತಿಗೆಗೆ. ನಾಲ್ಕರಲ್ಲಿ ಸುಮಾರು ಮೂರು ಪಾಲು ಮೆಟ್ಟಿಲಿನಿಂದ ಉರುಳಿದವು. ಕೆನಡಾ ದೇಶ 2004ರ ಏಪ್ರಿಲ್ 7ರಂದು ಇಂಥ ವಾಕರುಗಳ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ಹೀಗೆ ಮಾಡಿದ ಮೊದಲ ದೇಶ ಅದು.

ರೂಸೋ ಮತ್ತು ಕಾಂಟ್ ಗಾಡಿಯ ಬಗ್ಗೆ ಹೇಳಿದ್ದು ತತ್ತ್ವದ ಮಾತಾಗಿತ್ತು. ಎರಡು ಶತಮಾನಗಳ ನಂತರ ಅದು ಆಸ್ಪತ್ರೆಯ ದಾಖಲೆಯಾಗಿ ಬಂತು. ಕಲಿಯದ ಕಾಲಿಗೆ ಕಲಿತ ಕಾಲಿನ ವೇಗವನ್ನು ಎರವಲು ಕೊಟ್ಟದ್ದೇ ಇದರ ಮೂಲದೋಷ.

ನಿಂತು ಸಾಗುವ ಸ್ಕೂಟರ್

ಮಕ್ಕಳ ಕಾಲೊದೆತದ ಸ್ಕೂಟರ್ ಹಳೆಯದು. ಚಕ್ರ ಹಚ್ಚಿದ ಹಲಗೆಗೆ ಹಿಡಿಕೋಲು ಸಿಕ್ಕಿಸಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಶ್ಚಿಮದ ಮಕ್ಕಳು ಬೀದಿಯಲ್ಲಿ ಓಡಿಸುತ್ತಿದ್ದರು. ಇಂದು ನಾವು ಕಾಣುವ ಹಗುರವಾದ ಸ್ಕೂಟರಿನ ಹಿಂದೆ ಸ್ವಿಟ್ಜರ್ಲೆಂಡಿನ ವಿಮ್ ಔಬೋಟರ್ ಎಂಬವರ ಪ್ರಯತ್ನವಿದೆ. ನಡೆದು ಹೋಗಲು ಸ್ವಲ್ಪ ದೂರ, ಕಾರು ತೆಗೆಯಲು ತೀರ ಹತ್ತಿರ ಎನ್ನುವಂಥ ದಾರಿಗೆ ಒಂದು ವಾಹನ ಬೇಕೆಂಬುದು ಅವರ ಯೋಚನೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಸ್ಕೂಟರುಗಳು ಮಾರುಕಟ್ಟೆಗೆ ಬಂದವು. 2000ದ ಹೊತ್ತಿಗೆ ಮಡಚುವ ಸ್ಕೂಟರ್ ಅನೇಕ ದೇಶಗಳಲ್ಲಿ ಮಕ್ಕಳ ಹುಚ್ಚಾಯಿತು. ಅದೇ ವರ್ಷ ಅಮೆರಿಕದ ಆರೋಗ್ಯ ಇಲಾಖೆಯವರು ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡು ಬರುವ ಮಕ್ಕಳ ಬಗ್ಗೆ ಎಚ್ಚರಿಕೆಯನ್ನೂ ಹೊರಡಿಸಬೇಕಾಯಿತು.

ಇದೇ ವಂಶದಲ್ಲಿ ಪುಟ್ಟ ಮಕ್ಕಳಿಗಾಗಿ ಬಂದದ್ದು ಮುಂದೆ ಎರಡು, ಹಿಂದೆ ಒಂದು ಚಕ್ರದ ಸ್ಕೂಟರ್. ನಾವು ಆಗಲೇ ನೋಡಿದ ತ್ರಿಕೋನವನ್ನು ನೆನಪಿಸಿಕೊಳ್ಳಿ. ಮಗು ಮುಂದಕ್ಕೆ ಬಾಗಿದಾಗ ಅದರ ಭಾರ ಬೀಳುವ ಕಡೆಗೇ ತ್ರಿಕೋನದ ಅಗಲವಾದ ಬದಿ ಇರುತ್ತದೆ. ಇವುಗಳಲ್ಲಿ ಅನೇಕಕ್ಕೆ ಸೈಕಲ್ಲಿನಂತೆ ಹಿಡಿ ತಿರುಗಿಸುವುದಿಲ್ಲ. ಮಗು ದೇಹವನ್ನು ಎಡಕ್ಕೆ ವಾಲಿಸಿದರೆ ಚಕ್ರಗಳು ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ ತಿರುಗುತ್ತವೆ. ತಿರುವಿನ ಒಳಬದಿಗೆ ಭಾರ ಹಾಕುವುದನ್ನು ಮಗು ತಾನಾಗಿಯೇ ಕಲಿಯುತ್ತದೆ. ಒದ್ದರೆ ಮುಂದಕ್ಕೆ, ಒದೆಯದಿದ್ದರೆ ನಿಧಾನ. ಕಾಲು ಕೆಳಗಿಟ್ಟರೆ ನಿಂತಿತು. ಇಲ್ಲಿ ವೇಗ ಮಗುವಿನ ಕಾಲಿನದೇ. ಡ್ರೈಸನ ಯಂತ್ರದ ತತ್ತ್ವವೂ ಇದೇ ಆಗಿತ್ತು.

ಚನ್ನಪಟ್ಟಣದ ಗಾಲಿಗಳು

ನಮ್ಮ ನಾಡಿಗೆ ಮರಳೋಣ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣ ಬೊಂಬೆಗಳ ಊರು. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಇಲ್ಲಿಯವರಿಗೆ ಈ ಕಸುಬನ್ನು ಕಲಿಸಿದರೆಂದು ಪ್ರತೀತಿ. ಹಾಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಉಳಿಯಿಂದ ಕಡೆದು ಆಕಾರ ಕೊಡುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹತ್ತುತ್ತದೆ. ಮೇಲೆ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ತಿರುಗಣಿಯಲ್ಲಿ ಹುಟ್ಟುವುದೆಲ್ಲ ದುಂಡಗಿರುವುದರಿಂದ ಗಾಲಿ ಮಾಡುವುದು ಈ ಕಸುಬಿಗೆ ಸಹಜ. ಎಳೆಯುವ ಬಂಡಿ, ನೂಕುವ ಗಾಡಿ, ಉರುಳುವ ಕುದುರೆ ಇವೆಲ್ಲ ಅಲ್ಲಿ ಹೀಗೆಯೇ ಬಂದವು. ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಹೊರದೇಶದಿಂದ ಬಂದಾಗ ಈ ಕಸುಬು ಸೊರಗಿತು. ಆದರೆ ಅಗ್ಗದ ಆಟಿಕೆಯ ಬೆಲೆಯನ್ನು ಬೇರೆ ರೀತಿಯಲ್ಲಿ ತೆರಬೇಕಾದೀತೆಂಬುದೂ ತಿಳಿದುಬಂತು. ಭಾರತದ ಗುಣಮಟ್ಟ ಮಂಡಳಿ 2019ರಲ್ಲಿ ದೆಹಲಿ ಸುತ್ತಮುತ್ತಲ ಮಾರುಕಟ್ಟೆಯಿಂದ 121 ಬಗೆಯ ಆಟಿಕೆಗಳನ್ನು ಆಯ್ದು ಪರೀಕ್ಷಿಸಿದಾಗ ಆಮದಾದ ಆಟಿಕೆಗಳಲ್ಲಿ ಸುಮಾರು ಶೇಕಡ 67ರಷ್ಟು ಸುರಕ್ಷತೆಯ ಪರೀಕ್ಷೆಯಲ್ಲಿ ಸೋತವು. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಆಜ್ಞೆಯ ಮೇರೆಗೆ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಕೊಡಲಾಯಿತು. ಆದ್ದರಿಂದ ಕಾರ್ಖಾನೆಯ ಸ್ಕೂಟರಿನ ಮೇಲೆ ಆ ಗುರುತನ್ನು ಹುಡುಕಬೇಕು. ಕೈಕೆಲಸದ ಮರದ ಗಾಡಿ ಕೊಳ್ಳುವಾಗ ಬಣ್ಣ ಅರಗಿನದೇ, ಡಬ್ಬಿಯ ಪೇಂಟೇ ಎಂದು ಮಾಡಿದವರನ್ನೇ ಕೇಳಬೇಕು. ಮಗು ಎಲ್ಲವನ್ನೂ ಬಾಯಿಗಿಡುತ್ತದೆ. ಪೇಂಟಿನಲ್ಲಿ ಸೀಸವಿದ್ದರೆ ಅದು ಬೆಳೆಯುವ ಮೆದುಳಿಗೆ ವಿಷ.

ಹಾಗಾದರೆ ಆಯ್ಕೆ ಹೇಗೆ?

ಮೊದಲು ಮಗುವನ್ನು ನೋಡಿ, ಆಮೇಲೆ ಗಾಡಿಯನ್ನು ನೋಡಿ. ಹೆಚ್ಚಿನ ಮಕ್ಕಳು 9ರಿಂದ 18 ತಿಂಗಳೊಳಗೆ ನಡೆಯಲು ಕಲಿಯುತ್ತಾರೆ. ಮಗು ಗೋಡೆ ಹಿಡಿದು ತಾನಾಗಿ ನಿಂತು ಹೆಜ್ಜೆ ಸರಿಸುತ್ತಿದ್ದರೆ ನೂಕುವ ಗಾಡಿಯ ಕಾಲ. ಅದರ ತಳ ಅಗಲವಾಗಿರಲಿ, ಭಾರ ಕೆಳಗಿರಲಿ. ಹಿಡಿಯು ಹಿಂದಿನ ಗಾಲಿಗಳಿಗಿಂತ ತೀರ ಹಿಂದಕ್ಕೆ ಚಾಚಿದ್ದರೆ, ಮಗು ಅದನ್ನು ಹಿಡಿದು ಏಳುವಾಗ ಗಾಡಿ ಮಗುಚಿ ಅದರ ಮೇಲೇ ಬೀಳುತ್ತದೆ. ಅಂಗಡಿಯಲ್ಲಿ ಹಿಡಿಯನ್ನು ಕೈಯಿಂದ ಕೆಳಗೆ ಒತ್ತಿ ಪರೀಕ್ಷಿಸಿ. ಗಾಲಿಗಳು ಎಣ್ಣೆ ಹಾಕಿದಂತೆ ಓಡಬಾರದು, ಸ್ವಲ್ಪ ಬಿಗಿಯಿರಬೇಕು. ನುಣುಪಾದ ಗ್ರಾನೈಟ್ ನೆಲದ ಮನೆಯಾದರೆ ಇದು ಇನ್ನೂ ಮುಖ್ಯ.

ಸ್ಕೂಟರಿಗೆ ಅವಸರ ಬೇಡ. ಮಗು ಚೆನ್ನಾಗಿ ಓಡಲು, ಕ್ಷಣಕಾಲ ಒಂದು ಕಾಲಿನ ಮೇಲೆ ನಿಲ್ಲಲು ಕಲಿತಿರಬೇಕು. ಎರಡು ವರ್ಷಕ್ಕೆ ಮೊದಲು ಇದು ಸಾಮಾನ್ಯವಾಗಿ ಆಗದು. ಕೆಲವರಿಗೆ ಮೂರು ವರ್ಷವಾಗಬೇಕು. ಮುಂದೆ ಎರಡು ಚಕ್ರ ಇರುವುದನ್ನೇ ಆರಿಸಿ. ನಿಲ್ಲುವ ಹಲಗೆ ನೆಲಕ್ಕೆ ಹತ್ತಿರವಿದ್ದು ಜಾರದಂತಿರಲಿ. ಹಿಡಿ ಮಗುವಿನ ಎದೆಯ ಮಟ್ಟವನ್ನು ಮೀರದಿರಲಿ. ಗಟ್ಟಿ ಪ್ಲಾಸ್ಟಿಕ್ಕಿಗಿಂತ ರಬ್ಬರಿನಂಥ ಮೆತ್ತನೆಯ ಚಕ್ರ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಮಗು ತಾನೇ ಎತ್ತಿ ತಿರುಗಿಸುವಷ್ಟು ಹಗುರವಾಗಿರಲಿ. ಮಡಚುವ ಕೀಲು ಇದ್ದರೆ ಅದು ಭದ್ರವಾಗಿ ಕಚ್ಚಿಕೊಳ್ಳುತ್ತದೆಯೇ, ಸಂದಿನಲ್ಲಿ ಪುಟ್ಟ ಬೆರಳು ಸಿಕ್ಕೀತೇ ಎಂದು ನೋಡಿ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಕಳಚಿ ಬರುವ ಸಣ್ಣ ಭಾಗಗಳಿರಬಾರದು. ಅದನ್ನು ಅಳೆಯಲು ಪ್ರಯೋಗಾಲಯದವರು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಅಡಗುವ ವಸ್ತು ಮಗುವಿನ ಗಂಟಲಿಗೂ ಸಿಕ್ಕೀತು.

ತಲೆಯೇ ಮೊದಲು ಬೀಳುವ ವಯಸ್ಸು ಎಂಬುದನ್ನು ಮರೆಯದೆ ಹೆಲ್ಮೆಟ್ ತನ್ನಿ. ಸ್ಕೂಟರಿಗೆ ಕೊಟ್ಟ ಹಣದಲ್ಲಿ ಉಳಿಯದಿದ್ದರೆ ಸ್ಕೂಟರನ್ನೇ ಒಂದು ಮೆಟ್ಟಿಲು ಕಡಿಮೆ ಬೆಲೆಯದ್ದು ತನ್ನಿ. ರಸ್ತೆ, ಇಳಿಜಾರು, ಮೆಟ್ಟಿಲ ಬಳಿ, ಒದ್ದೆ ಅಂಗಳ ಬೇಡ. ಹಿರಿಯರೊಬ್ಬರು ಕೈಗೆಟಕುವಷ್ಟು ಹತ್ತಿರದಲ್ಲಿರಲಿ. ಆ ಹಿರಿಯರು ಸಂಜೆ ಹೊತ್ತಿನಲ್ಲಿ ಬಹುಶಃ ನೀವೇ ಆಗಿರುತ್ತೀರಿ. ಹತ್ತಿರದಲ್ಲಿರಿ, ಆದರೆ ಹಿಡಿಯನ್ನು ಹಿಡಿದು ನೀವೇ ಎಳೆಯಬೇಡಿ. ಸಣ್ಣಪುಟ್ಟ ಬೀಳುವಿಕೆಗೆ ಓಡಿಹೋಗಿ ಎತ್ತಿಕೊಳ್ಳಬೇಡಿ. ಅದು ಎದ್ದು ನಿಮ್ಮ ಮುಖ ನೋಡುತ್ತದೆ. ನೀವು ನಕ್ಕರೆ ಅದೂ ನಗುತ್ತದೆ.

ನಡೆಯಲು ಕಲಿಯುವ ಮಗುವಿಗೆ ದೊಡ್ಡವರು ಕೊಡುವ ಗಾಡಿ ಎರಡು ಬಗೆಯದು. ಒಂದು, ಮಗುವನ್ನು ಹಿಡಿದಿಟ್ಟುಕೊಳ್ಳುವುದು. ಇನ್ನೊಂದು, ಮಗು ಹಿಡಿದುಕೊಂಡು ಒಂದು ದಿನ ಬಿಟ್ಟುಬಿಡುವುದು. ಚಿನ್ನದ್ದಾಗಲಿ ಮಣ್ಣಿನದ್ದಾಗಲಿ, ಮರದ್ದಾಗಲಿ ಪ್ಲಾಸ್ಟಿಕ್ಕಿನದ್ದಾಗಲಿ, ಎರಡನೆಯ ಬಗೆಯದನ್ನು ಆರಿಸಿ. ಮಗು ಅದನ್ನು ಅಂಗಳದ ಮೂಲೆಯಲ್ಲಿ ಬಿಟ್ಟು ಬರಿಗಾಲಿನಲ್ಲಿ ನಿಮ್ಮ ಕಡೆಗೆ ಓಡಿಬಂದ ದಿನ, ಅಜ್ಜ ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯಿರಿ.